ವಿಯೆನ್ನಾದಲ್ಲಿ ನಮ್ಮ ಹುಡುಗರು ಕಂಡದ್ದು, ಕೇಳಿದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ಯುರೋಪಿಗೆ ಓದಲು ಹೋದ ಮಕ್ಕಳ ವಿಷಯ ಬಂದಾಗ ನಮ್ಮ ಮನೆಗಳಲ್ಲಿ ಕೇಳುವ ಪ್ರಶ್ನೆಗಳು ಗೊತ್ತೇ ಇವೆ. ಫೀಸು ಎಷ್ಟು? ರೂಮು ಸಿಕ್ಕಿತಾ? ಊಟಕ್ಕೆ ಏನು ಮಾಡ್ಕೋತಾರೆ? ಚಳಿ ತಡೆಯೋಕೆ ಆಗುತ್ತಾ? ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಆ ಊರು ನಿನಗೆ ಏನು ತೋರಿಸಿತು, ಏನು ಕೇಳಿಸಿತು ಅಂತ ಕೇಳುವವರು ಕಡಿಮೆ. ಇವತ್ತಿನ ಮಾತು ಅದರ ಬಗ್ಗೆ.

ನಾನಿರುವುದು ಆಸ್ಟ್ರಿಯಾದ ವಿಯೆನ್ನಾದಲ್ಲಿ. ಇಲ್ಲಿಗೆ ಓದಲು ಬರುವ ಕನ್ನಡದ ಹುಡುಗ ಹುಡುಗಿಯರು ರಜಾ ದಿನ ಸಾರು-ಅನ್ನದ ನೆಪದಲ್ಲಿ ಮನೆಗೆ ಬರುತ್ತಾರೆ. ಊಟ ಮುಗಿಸಿ ಎಲ್ಲರೂ ಸೇರಿ ಎಲ್ಲಾದರೂ ಹೊರಡುತ್ತೇವೆ. ಹೆಚ್ಚಾಗಿ ಮ್ಯೂಸಿಯಂಗೆ, ಕೆಲವು ಸಂಜೆ ಒಪೆರಾಕ್ಕೆ, ಅಂದರೆ ಹಾಡಿನಲ್ಲೇ ನಡೆಯುವ ನಾಟಕಕ್ಕೆ. ಇವರಲ್ಲಿ ಬಹಳಷ್ಟು ಜನ ಎಂಜಿನಿಯರಿಂಗ್, ಕಂಪ್ಯೂಟರ್, ಜೀವವಿಜ್ಞಾನ ಓದುವವರು. ಚಿತ್ರಕಲೆಯನ್ನಾಗಲಿ ಪಾಶ್ಚಾತ್ಯ ಸಂಗೀತವನ್ನಾಗಲಿ ಕಲಿತವರಲ್ಲ. "ನಮಗೇನು ಅರ್ಥ ಆಗುತ್ತೆ ಅಕ್ಕಾ?" ಅಂತಲೇ ಶುರು ಮಾಡುತ್ತಾರೆ. ವಾಪಸು ಬರುವಾಗ ಅವರು ಆಡುವ ಮಾತು ಕೇಳಿ ಕೇಳಿ ನನಗೊಂದು ವಿಷಯ ಖಾತ್ರಿಯಾಗಿದೆ. ಇಂಥ ಜಾಗಗಳಲ್ಲಿ ಹರೆಯದವರಿಗೆ ಮೊದಲು ಬೇಕಾದದ್ದು ಎರಡೇ. ಜೇಬಿಗೆ ಭಾರವಾಗದ ಪ್ರವೇಶ, ಮತ್ತು ಪುರುಸೊತ್ತು. ಪಾಠ ಆಮೇಲೆ ಬಂದರೂ ಸಾಕು.

ಹೊಸಬರನ್ನು ನಾನು ಮೊದಲು ಕರೆದುಕೊಂಡು ಹೋಗುವುದು ಕಾರ್ಲ್ಸ್‌ಪ್ಲಾಟ್ಸ್ ಚೌಕದಲ್ಲಿರುವ ವೀನ್ ಮ್ಯೂಸಿಯಂಗೆ. ಅದು ಈ ನಗರದ್ದೇ ಮ್ಯೂಸಿಯಂ, ವಿಯೆನ್ನಾದ ಕಥೆ ಹೇಳುವಂಥದ್ದು. ದೊಡ್ಡ ರಿಪೇರಿಯ ನಂತರ 2023ರ ಡಿಸೆಂಬರಿನಲ್ಲಿ ಮತ್ತೆ ತೆರೆಯಿತು. ಅಲ್ಲಿನ ಕಾಯಂ ಪ್ರದರ್ಶನಕ್ಕೆ ಟಿಕೆಟ್ಟೇ ಇಲ್ಲ. ಯಾರು ಬೇಕಾದರೂ ಒಳಗೆ ಹೋಗಬಹುದು. ಒಳಗೆ ಕಾಲಿಟ್ಟರೆ ತಲೆಯ ಮೇಲೆ ದೊಡ್ಡದೊಂದು ತಿಮಿಂಗಿಲ ತೂಗಾಡುತ್ತಿರುತ್ತದೆ. ನಿಜವಾದದ್ದಲ್ಲ. ಪ್ರಾಟರ್ ಎನ್ನುವ ಇಲ್ಲಿನ ಜಾತ್ರೆ ಮೈದಾನದಲ್ಲಿ ಒಂದು ಹೋಟೆಲಿನ ಮೇಲೆ ಇದ್ದದ್ದು. ಹೋಟೆಲು ಹೋಯಿತು, ತಿಮಿಂಗಿಲ ಮ್ಯೂಸಿಯಂ ಸೇರಿತು. ಹುಡುಗರಿಗೆ ಇದು ತುಂಬಾ ಹಿಡಿಸುತ್ತದೆ. ಒಂದು ಹೋಟೆಲಿನ ಗುರುತನ್ನೂ ಜೋಪಾನ ಮಾಡಿದ್ದಾರಲ್ಲ ಅಂತ.

ನಾನು ಅವರನ್ನು ನಿಲ್ಲಿಸುವುದು ಮಾತ್ರ ಬೇರೆ ಕಡೆ. 1850ರ ದಶಕದಲ್ಲಿ ಮಾಡಿದ ಊರಿನ ಒಂದು ಮಾದರಿ ಅಲ್ಲಿದೆ. ಮನೆಗಳು, ಚರ್ಚುಗಳು, ಎಲ್ಲದರ ಸುತ್ತ ದಪ್ಪನೆಯ ಕೋಟೆ ಗೋಡೆ. ಗೋಡೆಯ ಆಚೆ ಬಯಲು. 1529ರಲ್ಲಿ, ಮತ್ತೆ 1683ರಲ್ಲಿ ತುರ್ಕರ ಸೈನ್ಯ ಮುತ್ತಿಗೆ ಹಾಕಿದಾಗ ಊರನ್ನು ಕಾಯ್ದದ್ದು ಕೋಟೆಯೇ. 1857ರ ಡಿಸೆಂಬರಿನಲ್ಲಿ ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಅದನ್ನು ಕೆಡವಲು ಆಜ್ಞೆ ಮಾಡಿದ. ಕೋಟೆ ಇದ್ದ ಜಾಗದಲ್ಲಿ, ಅದರಾಚೆಯ ಬಯಲಿನಲ್ಲಿ ರಿಂಗ್‌ಸ್ಟ್ರಾಸೆ ಎಂಬ ಅಗಲವಾದ ರಸ್ತೆ ಬಂತು. 1865ರಲ್ಲಿ ಅದರ ಉದ್ಘಾಟನೆ ಆಯಿತು. ಇವತ್ತು ಪ್ರವಾಸಿಗರು ಮುಗಿಬಿದ್ದು ನೋಡುವ ಒಪೆರಾ ಭವನ, ಎರಡು ದೊಡ್ಡ ಮ್ಯೂಸಿಯಂ, ಪಾರ್ಲಿಮೆಂಟು, ವಿಶ್ವವಿದ್ಯಾಲಯ ಎಲ್ಲ ಇರುವುದು ಆ ರಸ್ತೆಯ ಅಕ್ಕಪಕ್ಕದಲ್ಲೇ. ಅಂದರೆ ನಾವು ಆಮೇಲೆ ನೋಡಲಿರುವುದೆಲ್ಲ ಕೋಟೆ ಬಿದ್ದ ಮೇಲೆ ಎದ್ದದ್ದು. ಈ ಮಾದರಿಯನ್ನು ನೋಡಿ ಹೊರಗೆ ಬಂದು ಟ್ರಾಮ್ ಹತ್ತಿದರೆ ಹುಡುಗರ ಕಣ್ಣಿಗೆ ರಸ್ತೆ ಬೇರೆಯೇ ಥರ ಕಾಣುತ್ತದೆ. "ಹಾಗಾದ್ರೆ ನಾವೀಗ ಹೋಗ್ತಿರೋದು ಕೋಟೆ ಮೇಲೇನಾ?" ಅಂತ ಒಬ್ಬ ಕೇಳಿದ್ದ. ಹೆಚ್ಚುಕಮ್ಮಿ ಹೌದು.

ಆ ರಸ್ತೆಯಲ್ಲಿ ಮರಿಯಾ ತೆರೇಸಾ ಚೌಕದ ಎರಡು ಬದಿಗೆ ಅವಳಿ ಕಟ್ಟಡಗಳು ಎದುರುಬದುರು ನಿಂತಿವೆ. ಒಂದು ನಿಸರ್ಗ ಇತಿಹಾಸದ ಮ್ಯೂಸಿಯಂ, 1889ರಲ್ಲಿ ತೆರೆದದ್ದು. ಇನ್ನೊಂದು ಕಲಾ ಇತಿಹಾಸದ ಮ್ಯೂಸಿಯಂ, 1891ರಲ್ಲಿ ತೆರೆದದ್ದು. ಎರಡಕ್ಕೂ 19 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ನಿಸರ್ಗ ಇತಿಹಾಸದ ಕಡೆ ಎಲ್ಲರೂ ಕೇಳಿಕೊಂಡು ಹೋಗುವುದು ವಿಲ್ಲೆನ್‌ಡಾರ್ಫಿನ ಪುಟ್ಟ ಹೆಣ್ಣು ಮೂರ್ತಿಯನ್ನು. ಸುಮಾರು 11 ಸೆಂಟಿಮೀಟರ್ ಎತ್ತರ, ಅಂಗೈಯಲ್ಲಿ ಹಿಡಿಸುತ್ತದೆ. 29,000 ವರ್ಷಕ್ಕಿಂತ ಹಳೆಯದು. 1908ರಲ್ಲಿ ಡ್ಯಾನ್ಯೂಬ್ ದಂಡೆಯ ಹಳ್ಳಿಯೊಂದರಲ್ಲಿ ಅಗೆಯುವಾಗ ಸಿಕ್ಕಿತು. ತುಂಬಿದ ಮೈ, ಬಾಗಿದ ತಲೆ, ತಲೆಯ ಸುತ್ತ ಹೆಣೆದ ಸಾಲುಗಳು, ಮುಖ ಮಾತ್ರ ಇಲ್ಲ. ಜೀವವಿಜ್ಞಾನ ಓದುವ ಹುಡುಗಿಯೊಬ್ಬಳು ಅದರ ಮುಂದೆ ಬಹಳ ಹೊತ್ತು ನಿಂತಳು. "ಇದು ಇಷ್ಟು ಚಿಕ್ಕದು ಅಂತ ಗೊತ್ತಿರಲಿಲ್ಲ, ಪುಸ್ತಕದಲ್ಲಿ ದೊಡ್ಡದಾಗಿ ಕಾಣುತ್ತೆ" ಅಂದಳು. ಪುಸ್ತಕದಲ್ಲಿ ಅಳತೆ ಬರೆದಿರುತ್ತಾರೆ, ಆದರೆ ಗಾತ್ರ ಮನಸ್ಸಿಗೆ ಬರಬೇಕಾದರೆ ಎದುರಿಗೆ ನಿಲ್ಲಬೇಕು.

ಈಗ ಎದುರಿನ ಕಟ್ಟಡಕ್ಕೆ ಬರೋಣ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಹುಡುಗರೂ ಇಲ್ಲೇ ಜಾಸ್ತಿ ನಿಲ್ಲುವುದು.

ಕಲಾ ಇತಿಹಾಸದ ಮ್ಯೂಸಿಯಂ ಎಂದರೆ ಅರಮನೆಯೇ. ಅಮೃತಶಿಲೆಯ ಮೆಟ್ಟಿಲು, ಕಂಬಗಳ ನಡುವಿನ ಕಿರಿದಾದ ಜಾಗದಲ್ಲಿ ವಿಯೆನ್ನಾದ ಹೆಸರಾಂತ ಚಿತ್ರಕಾರ ಕ್ಲಿಮ್ಟ್ ಯುವಕನಾಗಿದ್ದಾಗ ಬರೆದ ಚಿತ್ರಗಳು. ಮೊದಲ ಸಲ ಬಂದವರು ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸಬೇಕು ಅಂತ ಓಡುತ್ತಾರೆ. ಫೋನಿನಲ್ಲಿ ಫೋಟೋ ಹೊಡೆಯುತ್ತಾ ಮುಂದೆ ಮುಂದೆ ಹೋಗುತ್ತಾರೆ. ಒಂದು ಗಂಟೆಯಲ್ಲಿ ಸೋತು ಬೆಂಚು ಹುಡುಕುತ್ತಾರೆ. ಹಾಗಾಗಿ ನಾನು ಒಂದೇ ಕೋಣೆಗೆ ಕರೆದುಕೊಂಡು ಹೋಗುತ್ತೇನೆ, ಪೀಟರ್ ಬ್ರೂಗಲ್ ಕೋಣೆಗೆ. 16ನೇ ಶತಮಾನದ ಈ ಚಿತ್ರಕಾರನ ಚಿತ್ರಗಳು ಜಗತ್ತಿನಲ್ಲಿ ಇಷ್ಟೊಂದು ಒಂದೇ ಕಡೆ ಇರುವುದು ಇಲ್ಲಿ ಮಾತ್ರ.

ಅದರಲ್ಲಿ 1560ರ ಒಂದು ಚಿತ್ರ ಇದೆ, ಮಕ್ಕಳ ಆಟಗಳದ್ದು. ಮರದ ಹಲಗೆಯ ಮೇಲೆ ಬರೆದದ್ದು, ಅಗಲ ಒಂದೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ. ಊರ ಚೌಕ, ಅದರ ತುಂಬಾ ಮಕ್ಕಳು, 200ಕ್ಕೂ ಹೆಚ್ಚು. ಒಬ್ಬೊಬ್ಬರೂ ಒಂದೊಂದು ಆಟದಲ್ಲಿ ಮುಳುಗಿದ್ದಾರೆ. "ಏನೂ ಹೇಳೋದಿಲ್ಲ, ಸುಮ್ನೆ ನೋಡಿ, ನಿಮಗೆ ಗೊತ್ತಿರೋ ಆಟ ಎಷ್ಟಿವೆ ಹುಡುಕಿ" ಅಂತ ಬಿಟ್ಟುಬಿಡುತ್ತೇನೆ.

ಮೊದಲ ನಿಮಿಷ ಮೌನ. ಆಮೇಲೆ ಶುರುವಾಗುತ್ತದೆ. "ಅಕ್ಕಾ, ಇಲ್ಲಿ ನೋಡಿ, ಕೂಸುಮರಿ!" ಬೆನ್ನ ಮೇಲೆ ಹೊತ್ತುಕೊಂಡಿದ್ದಾರೆ. "ಇಲ್ಲಿ ಬುಗುರಿ!" ಎಡಗಡೆ ಕಮಾನುಗಳ ಕೆಳಗೆ ಹುಡುಗರು ಚಾಟಿಯಿಂದ ಬುಗುರಿ ಹೊಡೆಯುತ್ತಿದ್ದಾರೆ. "ಮರಗಾಲು ಕಟ್ಕೊಂಡಿದಾನೆ ಇವನು!" ನಾವು ಸೈಕಲ್ ಟೈರು ಓಡಿಸುತ್ತಿದ್ದೆವಲ್ಲ, ಹಾಗೆ ಇಬ್ಬರು ಪೀಪಾಯಿಯ ಬಳೆಗಳನ್ನು ಕೋಲಿನಿಂದ ಹೊಡೆದು ಓಡಿಸುತ್ತಿದ್ದಾರೆ. ಬಗ್ಗಿ ನಿಂತವರ ಬೆನ್ನು ಹಾರುವವರಿದ್ದಾರೆ. ಕಣ್ಣು ಮುಚ್ಚಿಕೊಂಡು ತಡಕಾಡುವವಳಿದ್ದಾಳೆ. ಮದುವೆಯ ಆಟ ಆಡುತ್ತಾ ಮೆರವಣಿಗೆ ಹೊರಟವರಿದ್ದಾರೆ. ಬಿಜಾಪುರ ಕಡೆಯ ಒಬ್ಬಳು ಕೆಳಗಿನ ಎಡ ಮೂಲೆಯಲ್ಲಿ ಕುಳಿತ ಇಬ್ಬರನ್ನು ಕಂಡು ನಿಂತಲ್ಲೇ ನಿಂತಳು. ಅವರು ಆಡುತ್ತಿರುವುದು ನಮ್ಮ ಕಲ್ಲಾಟವೇ. ಮೇಲಕ್ಕೆಸೆದು, ಕೆಳಗಿನದನ್ನು ಬಾಚಿ, ಬೀಳುವುದನ್ನು ಹಿಡಿಯುವ ಆಟ. ಅಲ್ಲಿ ಕಲ್ಲಿನ ಬದಲು ಕುರಿಯ ಕಾಲಿನ ಪುಟ್ಟ ಮೂಳೆ ಬಳಸುತ್ತಿದ್ದರು ಅಷ್ಟೇ. "ನಮ್ಮಮ್ಮ ಬಾಗಿಲ ಕಟ್ಟೆ ಮ್ಯಾಲೆ ಕುಂತು ಹಿಂಗ ಆಡ್ತಿದ್ಲು ಅಕ್ಕಾ" ಅಂದಳು. ಕೈಯಾಡಿಸಿ ತೋರಿಸಿದಳು ಕೂಡ. ಪಕ್ಕದಲ್ಲಿದ್ದ ಒಬ್ಬ ಮುದುಕಿ ಅದನ್ನು ನೋಡಿ ನಕ್ಕು ತಲೆಯಾಡಿಸಿದಳು. ಆಕೆಗೂ ಗೊತ್ತಿತ್ತು ಅಂತ ಕಾಣುತ್ತದೆ.

ಇಷ್ಟಾದ ಮೇಲೆ ಎರಡನೆಯ ಸುತ್ತು ನೋಟ. ಆಗಲೇ ಒಬ್ಬ ಹುಡುಗ ಹೇಳಿದ್ದು: "ಇಷ್ಟೊಂದು ಆಟ ಇದೆ, ಆದ್ರೆ ಯಾರೂ ನಗ್ತಾನೇ ಇಲ್ಲ." ಹೌದು. ಆ ಮಕ್ಕಳ ಮುಖಗಳು ಬಹಳ ಗಂಭೀರ. ಕೆಲಸ ಮಾಡುವ ದೊಡ್ಡವರ ಹಾಗೆ. ಬ್ರೂಗಲ್ ಯಾಕೆ ಹಾಗೆ ಬರೆದ ಅಂತ ಪಂಡಿತರು ಬಹಳ ಚರ್ಚೆ ಮಾಡಿದ್ದಾರೆ. ದೊಡ್ಡವರ ವ್ಯವಹಾರವೆಲ್ಲ ಮಕ್ಕಳಾಟ ಅಂತ ತೋರಿಸಲು ಅಂದವರಿದ್ದಾರೆ. ಆದರೆ ಆ ಪ್ರಶ್ನೆ ಇಲ್ಲಿ ಹುಟ್ಟಿದ್ದು ಯಾವ ಪುಸ್ತಕದಿಂದಲೂ ಅಲ್ಲ. ಆ ಹುಡುಗ ಅರ್ಧ ಗಂಟೆ ಒಂದೇ ಚಿತ್ರ ನೋಡಿದ, ಪ್ರಶ್ನೆ ತಾನಾಗಿ ಬಂತು. ಚಿತ್ರದ ಮುಂದೆ ನಿಲ್ಲುವ ಮೊದಲೇ ನಾನು ಈ ಮಾತು ಹೇಳಿಬಿಟ್ಟಿದ್ದರೆ ಅವನು ತಲೆಯಾಡಿಸಿ ಮುಂದಿನ ಚಿತ್ರಕ್ಕೆ ಹೋಗುತ್ತಿದ್ದ.

ಅದೇ ಕೋಣೆಯಲ್ಲಿ ರೈತರ ಮದುವೆಯೂಟದ ಚಿತ್ರ ಇದೆ. ಬಾಗಿಲ ಹಲಗೆಯ ಮೇಲೆ ಬಟ್ಟಲುಗಳನ್ನಿಟ್ಟು ಇಬ್ಬರು ಹೊತ್ತು ತರುತ್ತಿದ್ದಾರೆ. ಊಟದ ಪಂಕ್ತಿ, ಬಡಿಸುವ ಗಡಿಬಿಡಿ, ತಟ್ಟೆ ನೆಕ್ಕುವ ಮಗು. ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ.

ಎಲ್ಲ ಮ್ಯೂಸಿಯಂಗಳಲ್ಲೂ ಹೀಗೆ ಖುಷಿಯೇ ಆಗುತ್ತದೆ ಅಂತಲ್ಲ. ಸ್ವಲ್ಪ ದೂರದಲ್ಲಿ ಹೊಸ ಅರಮನೆಯ ಕಟ್ಟಡದಲ್ಲಿ ವೆಲ್ಟ್ ಮ್ಯೂಸಿಯಂ ಇದೆ. ಬೇರೆ ಬೇರೆ ಖಂಡಗಳಿಂದ ಬಂದ ವಸ್ತುಗಳು ಅಲ್ಲಿವೆ. ಅದರಲ್ಲಿ ಬಹಳ ಪ್ರಸಿದ್ಧವಾದದ್ದು ಮೆಕ್ಸಿಕೋದ ಗರಿಗಳ ಶಿರೋಭೂಷಣ. ಕ್ವೆಟ್ಸಲ್ ಹಕ್ಕಿಯ ಉದ್ದುದ್ದ ಹಸಿರು ಗರಿಗಳು, ಬೀಸಣಿಗೆಯ ಹಾಗೆ ಹರಡಿವೆ. ಅಜ್ಟೆಕ್ ದೊರೆ ಮೊಕ್ಟೆಜುಮನ ಹೆಸರಿನಲ್ಲಿ ಜನ ಅದನ್ನು ಗುರುತಿಸುತ್ತಾರೆ. ಅವನೇ ಧರಿಸಿದ್ದ ಅನ್ನುವುದಕ್ಕೆ ಆಧಾರವಿಲ್ಲ. ಮೆಕ್ಸಿಕೋ ಅದನ್ನು ವಾಪಸು ಕೇಳುತ್ತಲೇ ಇದೆ. ಸಾಗಿಸುವಾಗಿನ ಕಂಪನಕ್ಕೆ ಗರಿಗಳು ಹಾಳಾಗುತ್ತವೆ ಅನ್ನುವುದು ಇಲ್ಲಿನ ತಜ್ಞರು ಕೊಡುವ ಕಾರಣ. ಹುಡುಗರು ಇದರ ಮುಂದೆ ಜೋರು ಜಗಳವನ್ನೇ ಆಡಿದರು. ಕಳಿಸಲೇಬೇಕು ಅಂತ ಒಬ್ಬರು. ಒಡೆದುಹೋದರೆ ಯಾರಿಗೂ ಇಲ್ಲದಂತಾಗುತ್ತಲ್ಲ ಅಂತ ಇನ್ನೊಬ್ಬರು. "ಮೆಕ್ಸಿಕೋದ ಶಾಲೆ ಮಕ್ಕಳು ಇದನ್ನು ನೋಡೋಕೆ ವಿಮಾನ ಹತ್ತಿ ಬರಬೇಕಾ?" ಅಂತ ಕೇಳಿದವಳ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ನನ್ನ ಮನಸ್ಸು ಅವಳ ಕಡೆಗೇ ಇದೆ. ಮ್ಯೂಸಿಯಂ ಅಂದರೆ ಸುಮ್ಮನೆ ಮೆಚ್ಚಿಕೊಂಡು ಬರುವ ಜಾಗವಷ್ಟೇ ಆಗಬಾರದು. ಇದು ಇಲ್ಲಿಗೆ ಹೇಗೆ ಬಂತು ಅಂತ ಕೇಳುವ ಹಕ್ಕು ನೋಡುವವರಿಗೆ ಇದ್ದೇ ಇದೆ. ನಮ್ಮ ದೇಶದ ಹುಡುಗರಿಗೆ ಆ ಪ್ರಶ್ನೆ ಬೇಗ ಬಾಯಿಗೆ ಬರುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಒಪೆರಾ.

ವಿಯೆನ್ನಾದ ಸ್ಟೇಟ್ ಒಪೆರಾ ತೆರೆದದ್ದು 1869ರ ಮೇ 25ರಂದು, ಮೊಜಾರ್ಟ್‌ನ ಡಾನ್ ಜಿಯೊವಾನ್ನಿ ಎಂಬ ಒಪೆರಾದಿಂದ. ಆ ಕಟ್ಟಡಕ್ಕೆ ನಕ್ಷೆ ಬರೆದ ಇಬ್ಬರು, ಫಾನ್ ಡೆರ್ ನುಲ್ ಮತ್ತು ಸಿಕಾರ್ಡ್ಸ್‌ಬರ್ಗ್, ಅದನ್ನು ನೋಡಲಿಲ್ಲ. ಕಟ್ಟಡ ಏಳುವಾಗಲೇ ಎದುರಿನ ರಸ್ತೆಯನ್ನು ಎತ್ತರಿಸಿದರು. ಕಟ್ಟಡ ತಗ್ಗಿನಲ್ಲಿ ಕುಳಿತಂತೆ ಕಂಡಿತು. ಮುಳುಗಿದ ಪೆಟ್ಟಿಗೆ ಅಂತ ಊರೆಲ್ಲ ಆಡಿಕೊಂಡಿತು. 1868ರಲ್ಲಿ ಒಬ್ಬರು ತಾವೇ ಪ್ರಾಣ ಕಳೆದುಕೊಂಡರು. ಕೆಲವೇ ವಾರಗಳಲ್ಲಿ ಇನ್ನೊಬ್ಬರು ಕಾಯಿಲೆಯಿಂದ ತೀರಿಕೊಂಡರು. ಸಿವಿಲ್ ಎಂಜಿನಿಯರಿಂಗ್ ಓದುವ ಹುಡುಗನಿಗೆ ಈ ಕಥೆ ಹೇಳಿದಾಗ ಅವನು ಒಳಗೆ ಹೋಗುವ ಮುಂಚೆ ರಸ್ತೆಯಾಚೆ ನಿಂತು ಕಟ್ಟಡವನ್ನು ಮೇಲಿಂದ ಕೆಳಗೆ ನೋಡಿದ. "ರಸ್ತೆ ಎತ್ತರ ಮಾಡಿದ್ದು ಅವರ ತಪ್ಪಲ್ಲ, ಅಲ್ವಾ?" ಅಂದ.

1945ರ ಮಾರ್ಚ್ 12ರಂದು ಬಾಂಬು ಬಿದ್ದು ರಂಗ, ಪ್ರೇಕ್ಷಕರ ಸಭಾಂಗಣ ಎಲ್ಲ ಸುಟ್ಟುಹೋಯಿತು. ಮುಂಭಾಗದ ಮೆಟ್ಟಿಲು, ಮೊಗಸಾಲೆ ಉಳಿದವು. ಆದರೂ ಅದೇ ವರ್ಷ ಮೇ 1ರಂದು, ಯುರೋಪಿನಲ್ಲಿ ಯುದ್ಧ ಇನ್ನೂ ಪೂರ್ತಿ ಮುಗಿಯದಿದ್ದಾಗಲೇ, ತಂಡ ಬೇರೊಂದು ರಂಗಮಂದಿರದಲ್ಲಿ ಹಾಡಲು ಶುರು ಮಾಡಿತು. ತಮ್ಮದೇ ಮನೆಗೆ ಅವರು ಮರಳಿದ್ದು 1955ರ ನವೆಂಬರ್ 5ರಂದು, ಬೀಥೋವನ್‌ನ ಫಿಡೆಲಿಯೊದೊಂದಿಗೆ. ಸೆರೆಮನೆಯಿಂದ ಬಿಡುಗಡೆಯಾಗುವವರ ಕಥೆ ಅದು.

ಒಪೆರಾ ಎಂದರೆ ಶ್ರೀಮಂತರದ್ದು ಅಂತ ನಮ್ಮ ಹುಡುಗರ ಕಲ್ಪನೆ. ಒಳ್ಳೆಯ ಸೀಟಿಗೆ 200 ಯೂರೋ ದಾಟುತ್ತದೆ, ಹಾಗಾಗಿ ಆ ಕಲ್ಪನೆ ಪೂರ್ತಿ ಸುಳ್ಳೂ ಅಲ್ಲ. ಆದರೆ ಈ ಮನೆಯಲ್ಲಿ ನಿಂತು ನೋಡುವ ಜಾಗಗಳಿವೆ. ಅದಕ್ಕೆ 20 ಯೂರೋಗಿಂತ ಕಡಿಮೆ. ಕೆಳಗಿನ ಅಂತಸ್ತಿನ ನಿಲ್ಲುವ ಜಾಗವಂತೂ ರಂಗದ ನೇರ ಎದುರಿಗೆ, ನಡುಮಧ್ಯದ ದೊಡ್ಡ ಬಾಕ್ಸಿನ, ಅಂದರೆ ಪ್ರತ್ಯೇಕವಾಗಿ ಕೂರುವ ಖಾನೆಯ, ಕೆಳಗೇ ಇದೆ. ಸಾಲಿನಲ್ಲಿ ನಿಂತು, ಟಿಕೆಟ್ ಕೊಂಡು, ಒಳಗೆ ಹೋಗಿ, ನಿಮ್ಮ ಜಾಗದ ಕಂಬಿಗೆ ಒಂದು ಸ್ಕಾರ್ಫು ಕಟ್ಟಿದರೆ ಆಯಿತು. ಆ ಜಾಗ ನಿಮ್ಮದು. ಹೊರಗೆ ಹೋಗಿ ಏನಾದರೂ ತಿಂದು ಬರಬಹುದು. ಯಾರೂ ಬಿಚ್ಚುವುದಿಲ್ಲ. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲು ಹಾಕುವ ನಮ್ಮವರಿಗೆ ಈ ಪದ್ಧತಿ ಕೂಡಲೇ ಅರ್ಥವಾಗುತ್ತದೆ.

ಆ ಸಾಲಿನಲ್ಲೇ ಅರ್ಧ ಕಲಿಕೆ. ಎಷ್ಟೋ ವರ್ಷಗಳಿಂದ ನಿಂತೇ ನೋಡುತ್ತಿರುವ ವಯಸ್ಸಾದವರು ಅಲ್ಲಿರುತ್ತಾರೆ. ಯಾವ ಗಾಯಕಿ ಇವತ್ತು ಹೇಗೆ ಹಾಡಬಹುದು, ಹಿಂದೆ ಯಾರು ಹೇಗೆ ಹಾಡಿದ್ದರು ಅಂತ ಮಾತಾಡುತ್ತಿರುತ್ತಾರೆ. ಹೊಸ ಹುಡುಗರನ್ನು ಕಂಡರೆ ಅವರಿಗೆ ಪ್ರೀತಿ. ಯಾವ ಜಾಗದಲ್ಲಿ ಚೆನ್ನಾಗಿ ಕೇಳುತ್ತದೆ, ಯಾವ ದೃಶ್ಯ ತಪ್ಪಿಸಿಕೊಳ್ಳಬಾರದು, ಎಲ್ಲ ಹೇಳಿಕೊಡುತ್ತಾರೆ. ಭಾಷೆ ಅರ್ಧಂಬರ್ಧ ಬಂದರೂ ಮಾತು ನಡೆಯುತ್ತದೆ.

ಮೊದಲ ಒಪೆರಾಕ್ಕೆ ನಾನು ಆರಿಸುವುದು ಇಟಲಿಯ ಸಂಗೀತಗಾರ ಪುಚಿನಿಯ ಲಾ ಬೊಹೆಮ್. 1896ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಮೊದಲು ಆಡಿದ್ದು. ವಿಯೆನ್ನಾದಲ್ಲಿ ನಿರ್ದೇಶಕ ಫ್ರಾಂಕೊ ಜೆಫಿರೆಲ್ಲಿ 1963ರಲ್ಲಿ ಕಟ್ಟಿದ ರಂಗಸಜ್ಜಿಕೆಯಲ್ಲೇ ಇವತ್ತಿಗೂ ಆಡುತ್ತಾರೆ. ಆರಿಸಲು ಕಾರಣ ಸರಳ. ಅದು ಬಾಡಿಗೆ ರೂಮಿನಲ್ಲಿರುವ ಹುಡುಗರ ಕಥೆ. ಪ್ಯಾರಿಸ್ಸಿನ ಒಂದು ಅಟ್ಟದ ಕೋಣೆ. ಕ್ರಿಸ್‌ಮಸ್ ಹಿಂದಿನ ರಾತ್ರಿ. ಒಲೆಗೆ ಸೌದೆ ಇಲ್ಲ. ಕವಿ ತಾನು ಬರೆದ ನಾಟಕದ ಹಸ್ತಪ್ರತಿಯನ್ನೇ ಒಲೆಗೆ ಹಾಕುತ್ತಾನೆ. ಬಾಡಿಗೆ ಕೇಳಲು ಮನೆ ಮಾಲೀಕ ಬರುತ್ತಾನೆ. ಅವನಿಗೆ ಕುಡಿಸಿ, ಮಾತಿಗೆಳೆದು, ಬಾಡಿಗೆ ಕೊಡದೆ ಹೊರಗೆ ದಬ್ಬುತ್ತಾರೆ. ಈ ದೃಶ್ಯದಲ್ಲಿ ನಮ್ಮ ಹುಡುಗರು ತಡೆಯಲಾರದೆ ನಕ್ಕರು. ಆಮೇಲೆ ಪಕ್ಕದ ಕೋಣೆಯ ಮಿಮಿ ಮೋಂಬತ್ತಿ ಹಚ್ಚಿಕೊಳ್ಳಲು ಬರುತ್ತಾಳೆ. ಕಸೂತಿ ಹಾಕಿ ಬದುಕುವ ಹುಡುಗಿ, ಕೆಮ್ಮುತ್ತಾಳೆ. ಬೀಗದ ಕೈ ಬೀಳುತ್ತದೆ, ದೀಪ ಆರುತ್ತದೆ, ಕತ್ತಲಲ್ಲಿ ಹುಡುಕುವಾಗ ಕೈಗೆ ಕೈ ತಾಕುತ್ತದೆ. ಎಷ್ಟು ತಣ್ಣಗಿದೆ ಈ ಪುಟ್ಟ ಕೈ ಅಂತ ಕವಿ ಹಾಡಲು ಶುರು ಮಾಡುತ್ತಾನೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಮೈಕ್ ಇಲ್ಲ. ಸುಮಾರು 1700 ಸೀಟಿನ ಸಭಾಂಗಣ, ಮುಂದೆ ತಗ್ಗಿನಲ್ಲಿ ಪೂರ್ತಿ ವಾದ್ಯವೃಂದ. ಅದನ್ನೆಲ್ಲ ದಾಟಿ ಬರೀ ಕಂಠ ಕೊನೆಯ ಅಂತಸ್ತಿನವರೆಗೆ ಬರಬೇಕು. ಬರುತ್ತದೆ. ಹೊನ್ನಾವರ ಕಡೆಯ ಹುಡುಗನೊಬ್ಬ ಮಧ್ಯಂತರದಲ್ಲಿ ಹೇಳಿದ: "ನಮ್ಮಜ್ಜ ಹೇಳ್ತಿದ್ರು, ಮೈಕ್ ಇಲ್ದೇ ಇದ್ದ ಕಾಲದಲ್ಲಿ ಭಾಗವತರ ಪದ ಗದ್ದೆಯಾಚೆ ಮನೆಗೂ ಕೇಳ್ತಿತ್ತು ಅಂತ. ನಾನು ನಂಬಿರಲಿಲ್ಲ." ಅವನು ಯಕ್ಷಗಾನ ನೋಡುತ್ತಾ ಬೆಳೆದವನು, ಆದರೆ ಕೇಳಿದ್ದೆಲ್ಲ ಸ್ಪೀಕರಿನಲ್ಲೇ. ದೂರದ ಊರಿನ ಒಪೆರಾ ಅವನಿಗೆ ತನ್ನ ಅಜ್ಜನ ಮಾತನ್ನು ನಂಬುವ ಹಾಗೆ ಮಾಡಿತು. ನನಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಗೊತ್ತಿಲ್ಲ.

ಭಾಷೆ ಇಟಾಲಿಯನ್. ನಿಂತವರಿಗೂ ಕೂತವರಿಗೂ ಎದುರಿಗೆ ಪುಟ್ಟ ಪರದೆ ಇರುತ್ತದೆ. ಅದರಲ್ಲಿ ಇಂಗ್ಲಿಷೋ ಜರ್ಮನ್ನೋ ಆರಿಸಿಕೊಂಡು ಸಾಲುಗಳನ್ನು ಓದಬಹುದು. ಮೊದಲ ಅಂಕದಲ್ಲಿ ಎಲ್ಲರೂ ಓದುತ್ತಾರೆ. ಕೊನೆಯ ಅಂಕ ಬರುವಷ್ಟರಲ್ಲಿ ಬಹಳಷ್ಟು ಜನ ಪರದೆ ನೋಡುವುದನ್ನೇ ಬಿಟ್ಟಿರುತ್ತಾರೆ. ಅಲ್ಲಿ ಮಿಮಿ ಸಾಯಲು ಅದೇ ಅಟ್ಟದ ಕೋಣೆಗೆ ಬರುತ್ತಾಳೆ. ಗೆಳತಿ ತನ್ನ ಓಲೆ ಮಾರಲು ಕೊಡುತ್ತಾಳೆ. ಗೆಳೆಯನೊಬ್ಬ ತನ್ನ ಹಳೆಯ ಕೋಟನ್ನು ಅಡವಿಡಲು ಹೊರಡುತ್ತಾನೆ, ಹೊರಡುವ ಮೊದಲು ಆ ಕೋಟಿಗೇ ಒಂದು ಚಿಕ್ಕ ಹಾಡು ಹಾಡಿ ವಿದಾಯ ಹೇಳುತ್ತಾನೆ. ದೊಡ್ಡ ಹಾಡಲ್ಲ, ಎರಡೇ ನಿಮಿಷದ್ದು. ಹೊಸ ದೇಶದಲ್ಲಿ ಮೊದಲ ಚಳಿಗಾಲಕ್ಕೆ ಸೆಕೆಂಡ್ ಹ್ಯಾಂಡ್ ಕೋಟು ಕೊಂಡ ಹುಡುಗಿಯೊಬ್ಬಳು ಅತ್ತದ್ದು ಅಲ್ಲಿ. ಮಿಮಿ ಸತ್ತಾಗ ಅಲ್ಲ, ಕೋಟಿನ ಹಾಡಿಗೆ.

ಎಲ್ಲರಿಗೂ ಹಿಡಿಸಿತು ಅಂದರೆ ಸುಳ್ಳಾದೀತು. ಕಾಲು ನೋವು ಅಂತ ಒಬ್ಬ ಮೆಟ್ಟಿಲ ಮೇಲೆ ಕೂತು ಬರೀ ಕೇಳಿದ. ಎರಡನೆಯ ಅಂಕದ ಸಂತೆ ಗದ್ದಲದಲ್ಲಿ ಯಾರು ಯಾರು ಅಂತಲೇ ಗೊತ್ತಾಗಲಿಲ್ಲ ಅಂತ ಇನ್ನೊಬ್ಬಳು ಬೇಸರ ಮಾಡಿಕೊಂಡಳು. ಒಬ್ಬ ಮಧ್ಯಂತರಕ್ಕೇ ಮನೆಗೆ ಹೋದ. ಹೋಗಲಿ. ಟಿಕೆಟ್ ದುಬಾರಿಯಾಗಿದ್ದರೆ ಅವನು ದುಡ್ಡಿಗಾಗಿ ಹಲ್ಲು ಕಚ್ಚಿ ನಿಂತು, ಜನ್ಮದಲ್ಲಿ ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಕಡಿಮೆ ದರದ ದೊಡ್ಡ ಅನುಕೂಲ ಇದೇ. ಇಷ್ಟವಾಗದಿದ್ದರೆ ಎದ್ದು ಹೋಗಬಹುದು, ಮನಸ್ಸಾದರೆ ಮತ್ತೆ ಬರಬಹುದು. ಅವನು ಬಂದ, ಮೊಜಾರ್ಟ್‌ನ ಮಾಯಾ ಕೊಳಲು ನೋಡಲು. ಹಕ್ಕಿ ಹಿಡಿಯುವ ಪಾಪಗೇನೋ ಅವನಿಗೆ ತುಂಬಾ ಇಷ್ಟವಾದ.

ಇದನ್ನು ಕೇಳುತ್ತಿರುವವರಲ್ಲಿ ಯಾರ ಮಕ್ಕಳಾದರೂ ಈ ಕಡೆ ಓದಲು ಬರುವವರಿದ್ದರೆ ಕೆಲವು ವಿಷಯ ಬರೆದುಕೊಳ್ಳಿ. ಕಲಾ ಇತಿಹಾಸದ ಮ್ಯೂಸಿಯಂ ಗುರುವಾರ ರಾತ್ರಿ 9ರವರೆಗೆ ತೆರೆದಿರುತ್ತದೆ. ತರಗತಿ ಮುಗಿಸಿ ಹೋಗಬಹುದು, ಜನವೂ ಕಡಿಮೆ. 19 ವರ್ಷದೊಳಗಿನವರು ವಯಸ್ಸಿನ ಗುರುತು ಜೊತೆಗಿಟ್ಟುಕೊಳ್ಳಲಿ. ಒಪೆರಾದಲ್ಲಿ 27ರ ಒಳಗಿನವರಿಗೆ ಪ್ರತ್ಯೇಕ ರಿಯಾಯಿತಿ ಟಿಕೆಟ್ಟುಗಳೂ ಇವೆ. ಏಪ್ರಿಲ್, ಮೇ, ಜೂನ್ ಮತ್ತು ಸೆಪ್ಟೆಂಬರಿನಲ್ಲಿ ಕೆಲವು ಸಂಜೆ ಒಳಗಿನ ಪ್ರದರ್ಶನವನ್ನು ಹೊರಗಿನ ಚೌಕದಲ್ಲಿ ದೊಡ್ಡ ಪರದೆಯ ಮೇಲೆ ನೇರವಾಗಿ ತೋರಿಸುತ್ತಾರೆ, ಅದಕ್ಕೆ ದುಡ್ಡಿಲ್ಲ. ಜೂನ್ ಕೊನೆಗೆ ಒಪೆರಾ ಮುಚ್ಚಿದರೆ ಸೆಪ್ಟೆಂಬರಿಗೇ ತೆರೆಯುವುದು. ಫೋನು ಮಾಡಿದಾಗ ಏನೇನು ನೋಡಿದೆ ಅಂತ ಪಟ್ಟಿ ಕೇಳಬೇಡಿ. ಯಾವುದರ ಮುಂದೆ ಜಾಸ್ತಿ ಹೊತ್ತು ನಿಂತೆ ಅಂತ ಕೇಳಿ ನೋಡಿ, ಮಾತು ಎಲ್ಲಿಂದೆಲ್ಲಿಗೋ ಹೋಗುತ್ತದೆ.

ನಮ್ಮ ಗುಂಪು ಮುಂದಿನ ಸಲ ಪುಚಿನಿಯದೇ ಇನ್ನೊಂದು ಒಪೆರಾ ಟೋಸ್ಕಾಕ್ಕೆ ಹೋಗೋಣ ಅಂತ ತೀರ್ಮಾನಿಸಿದೆ. ಈ ಸಲ ಆರಿಸಿದ್ದು ಹುಡುಗರೇ. ಇಲ್ಲಿ ಅದರ ರಂಗಸಜ್ಜಿಕೆ 1958ರದ್ದು, 600ಕ್ಕೂ ಹೆಚ್ಚು ಪ್ರದರ್ಶನ ಕಂಡದ್ದು. ಸಾಲಿನಲ್ಲಿ ಬೇಗ ಹೋಗಿ ನಿಲ್ಲುವ ಸರದಿ ಆ ಸಿವಿಲ್ ಎಂಜಿನಿಯರಿಂಗ್ ಹುಡುಗನದ್ದು, ಸ್ಕಾರ್ಫು ತರುವುದು ಬಿಜಾಪುರದ ಹುಡುಗಿ. ನಮಸ್ಕಾರ.